ಅಳತೆಯ ಚೌಕದ ಮುಂದೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ರಾಜ್ಯದಾಗಿದ್ದವು. ಆ ರಾಜ್ಯದ ಜಾತಿಗಳ ಮೇಲೆ ಸೈಯದ್ ಸಿರಾಜ್ ಉಲ್ ಹಸನ್ ಎಂಬವರ ದಪ್ಪ ಇಂಗ್ಲಿಷ್ ಪುಸ್ತಕ 1920ರಲ್ಲಿ ಬಂತು. ಮಾದಿಗ, ಮಾಲ, ಲಂಬಾಣಿ ಅಂತ ಜಾತಿಗೊಂದು ಅಧ್ಯಾಯ. ಏನು ತಿಂತಾರ, ಮದಿವಿ ಹೆಂಗ ಮಾಡ್ತಾರ, ಹೆಣ ಹೂಳ್ತಾರೋ ಸುಡ್ತಾರೋ, ಎಲ್ಲಾ ಅದರಾಗ ಬಂತು. ಬರೆಸಿಕೊಂಡವರಿಗೆ ಮಾತ್ರ ಅದನ್ನ ಓದಾಕ ಬರ್ತಿರಲಿಲ್ಲ.

ದಾರಿ ಹಾಕಿಕೊಟ್ಟವರು ಬ್ರಿಟಿಷರು. ಮದ್ರಾಸಿನ ಥರ್ಸ್ಟನ್ ಮಂದಿಯ ಮೂಗು, ತಲೆ ಅಳೆದು 1909ರಲ್ಲಿ ಏಳು ಸಂಪುಟ ತಂದ. 1890ರ ದಶಕದಲ್ಲಿ ಅಂಡಮಾನಿನ ಅಧಿಕಾರಿ ಪೋರ್ಟ್‌ಮನ್, ಅಲ್ಲಿನ ಆದಿವಾಸಿಗಳನ್ನು ಚೌಕಳಿ ಪರದೆಯ ಮುಂದೆ ಬತ್ತಲೆ ನಿಲ್ಲಿಸಿ ಫೋಟೋ ಹೊಡೆದ. 1871ರ ಕಾಯ್ದೆಯಂತೂ ಇಡೀ ಬುಡಕಟ್ಟುಗಳನ್ನೇ ಹುಟ್ಟುಗಳ್ಳರೆಂದು ದಾಖಲೆಗೆ ಹಾಕಿತು. ಆ ಪಟ್ಟಿಯಿಂದ ಹೆಸರು ತೆಗೆದದ್ದು 1952ರಲ್ಲಿ. ಠಾಣೆಯವರ ತಲೆಯಿಂದ ತೆಗೆದರೇನು?

ಆ ಚೌಕಳಿ ಪರದೆಯ ಮುಂದೆ ಸುಮಾರು ನೂರು ವರ್ಷಗಳ ನಂತರ ತಾನಾಗಿ ಹೋಗಿ ನಿಂತವಳು ಬೆಂಗಳೂರಿನ ಎನ್. ಪುಷ್ಪಮಾಲಾ. 1956ರಲ್ಲಿ ಹುಟ್ಟಿದ ಈಕೆ ಬರೋಡಾದಲ್ಲಿ ಶಿಲ್ಪ ಕಲಿತು, ಮೊದಲು ಸುಟ್ಟ ಮಣ್ಣಿನಲ್ಲಿ ಹೆಣ್ಣುಮಕ್ಕಳ ಮೂರ್ತಿ ಮಾಡಿದಳು. ಆಮೇಲೆ ತನ್ನ ಮೈಯನ್ನೇ ಮಣ್ಣು ಮಾಡಿಕೊಂಡು ವೇಷ ಹಾಕತೊಡಗಿದಳು. ಕ್ಲೇರ್ ಆರ್ನಿಯೊಡನೆ 2000ದಿಂದ 2004ರವರೆಗೆ ಮಾಡಿದ ಚಿತ್ರಮಾಲೆಯಲ್ಲಿ ಆಕೆ ರವಿವರ್ಮನ ಹೆಣ್ಣಾಗಿದ್ದಾಳೆ, ಪೊಲೀಸರ ಕೈಗೆ ಸಿಕ್ಕ ಕಳ್ಳಿಯಾಗಿದ್ದಾಳೆ, ಅಳತೆಗೆ ನಿಂತ ಆದಿವಾಸಿ ಹೆಂಗಸೂ ಆಗಿದ್ದಾಳೆ. 2004ರ 'ರಾಷ್ಟ್ರೀಯ ಖೀರ್' ಸಿನಿಮಾದಾಗ ದೇಶಕಟ್ಟುವ ಆದರ್ಶ ಕುಟುಂಬವನ್ನು ಗೇಲಿ ಮಾಡಿದ್ದಾಳೆ.

ದೂರದ ಕೆನಡಾದಾಗ ಕ್ರೀ ಬುಡಕಟ್ಟಿನ ಕೆಂಟ್ ಮಾಂಕ್‌ಮನ್ ಇದೇ ಆಟ ಆಡ್ತಾನ. ಬಿಳಿಯರು ತನ್ನವರನ್ನು ಬರೆದ ಚಿತ್ರಗಳನ್ನೇ ತಿರುಗಿಸಿ, ಹೆಣ್ಣುವೇಷದಾಗ ತಾನೇ ಸಿನಿಮಾಕ್ಕ ಇಳಿದು, ಬಿಳಿ ಗಂಡಸರನ್ನೇ ಮಾದರಿಯಾಗಿ ನಿಲ್ಲಿಸ್ತಾನ. ಅವನು ಅಳತೆಗೊಳಗಾದವರ ಮೊಮ್ಮಗ. ಪುಷ್ಪಮಾಲಾ ಆ ವೇಷ ಕಳಚಿ ಮನೆಗೆ ಹೋಗಬಲ್ಲಳು. ಆಕೆಯ ಕೆಲಸ ದೊಡ್ಡದು, ಇಲ್ಲ ಅನ್ನೋದಿಲ್ಲ. ಆದರೂ ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ಕ್ಯಾಮರಾದ ಎರಡೂ ಕಡೆ ನಿಂತಾಗ ಅದು ಬೇರೆಯೇ ಚಿತ್ರವಾದೀತು ಅಂತ ನನಗನಿಸ್ತದ.

ನಮ್ಮವ್ವನ ಮೊದಲ ಫೋಟೋ ರೇಶನ್ ಕಾರ್ಡಿಗೆ ತೆಗೆಸಿದ್ದು. ಅಜ್ಜಿದು ಒಂದೂ ಇಲ್ಲ. ಮಾಸ್ತರರೇ, ನಿಮ್ಮ ಊರ ಕೇರಿಯಾಗ ಹಳೇ ಫೋಟೋ ಸಿಕ್ಕರೆ ಹಿಂಭಾಗದಾಗ ಅವರ ಹೆಸರು, ಊರು, ಮಾಡ್ತಿದ್ದ ಕೆಲಸ ಅವರ ಮನೆಯವರಿಂದಲೇ ಬರೆಸಿರಿ.