ಹೊಳಪು ಬಿಟ್ಟ ಟ್ಯಾಂಕು

ನಾನು ಕೆಲಸ ಕಲಿತ ಕಾಲದಲ್ಲಿ ಬೈಕಿನ ಪೇಂಟಿಗೆ ಒಂದೇ ಪರೀಕ್ಷೆ. ಒಣಗಿದ ಟ್ಯಾಂಕನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿಯಬೇಕು. ಬೆಳಕಿನ ಗೆರೆ ಅಂಚು ಕದಲದೆ ನೆಟ್ಟಗೆ ಮೂಡಿದರೆ ಕೆಲಸ ಮುಗಿಯಿತು. ಗೆರೆ ಎಲ್ಲಾದರೂ ನಡುಗಿದರೆ ಉಸ್ತಾದರು ಮಾತೇ ಆಡದೆ ವಾಟರ್ ಪೇಪರನ್ನು ಮತ್ತೆ ಕೈಗೆ ಕೊಡುತ್ತಿದ್ದರು. ಮೈಸೂರಿನ ಪೇಂಟರುಗಳಿಗೆ ಈ ಹಟ ಅಂಟಿಸಿದ್ದು ಜಾವಾ. 1960ರ ದಶಕದ ಆರಂಭದಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಆ ಮೆರೂನ್ ಗಾಡಿ, ಟ್ಯಾಂಕಿನ ಎರಡು ಬದಿಗೆ ಕ್ರೋಮ್, ಬಂಗಾರದ ಬಣ್ಣದ ಗೆರೆ, ಇವನ್ನು ನೋಡುತ್ತಲೇ ಊರಿನ ಕಣ್ಣು ಹೊಳಪಿಗೆ ಒಗ್ಗಿಹೋಯಿತು. 1973ರಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆಮೇಲೆ ಆ ಗಾಡಿಗಳು ಹೊಸ ಬಣ್ಣ ಕಂಡಿದ್ದೆಲ್ಲ ನಮ್ಮಂಥವರ ಶೆಡ್ಡುಗಳಲ್ಲೇ.

ಆಗ ನಾವು ಹೊಡೆಯುತ್ತಿದ್ದುದು ಎನ್‌ಸಿ ಪೇಂಟು, ಎಂದರೆ ನೈಟ್ರೋಸೆಲ್ಯುಲೋಸ್. ಅಮೆರಿಕದ ಡುಪಾಂಟ್ ಕಂಪನಿ 1920ರ ದಶಕದಲ್ಲಿ ಡ್ಯೂಕೋ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇವತ್ತಿಗೂ ನಮ್ಮ ಕಡೆ ಹಳಬರು ಗಾಡಿಯ ಬಣ್ಣಕ್ಕೆಲ್ಲ ಡ್ಯೂಕೋ ಎಂದೇ ಅನ್ನುತ್ತಾರೆ. ಅದಕ್ಕೂ ಮುಂಚೆ ಮೋಟರ್‌ಸೈಕಲ್ಲಿನ ಫ್ರೇಮು, ಟ್ಯಾಂಕುಗಳಿಗೆ ಎನಾಮೆಲ್ ಬಳಿದು ಒಲೆಯಲ್ಲಿ ಬೇಯಿಸುತ್ತಿದ್ದರು. ಎನ್‌ಸಿಗೆ ಒಲೆ ಬೇಡ. ಥಿನ್ನರ್ ಆರಿಹೋದರೆ ಸಾಕು, ಬಣ್ಣ ಗಟ್ಟಿ. ಆದರೆ ಮೇಲೆ ಮತ್ತೆ ಥಿನ್ನರ್ ಬಿದ್ದರೆ ಕರಗಿಯೂಬಿಡುತ್ತದೆ. ಪೇಂಟರಿಗೆ ಇದೊಂದು ವರ. ಟ್ಯಾಂಕಿನ ಒಂದು ಮೂಲೆ ಕೆತ್ತಿಹೋಗಿದ್ದರೆ ಅಷ್ಟಕ್ಕೇ ಪಟ್ಟಿ ಹಾಕಿ, ಅಷ್ಟಕ್ಕೇ ಬಣ್ಣ ಹೊಡೆದು, ಅಂಚಿನ ಮೇಲೆ ಥಿನ್ನರ್ ಊದಿದರೆ ಹಳೆಯ ಪದರ ಕರಗಿ ಹೊಸದನ್ನು ಒಳಗೆ ತೆಗೆದುಕೊಳ್ಳುತ್ತಿತ್ತು. ಉಳಿದದ್ದು ರಬ್ಬಿಂಗ್ ಕಾಂಪೌಂಡು, ಹಳೇ ಬನಿಯನ್ ಬಟ್ಟೆ, ತೋಳಿನ ಬಲ. ಜೋಡಣೆ ಎಲ್ಲಿದೆ ಎಂದು ಹೊಡೆದವನಿಗೂ ಆಮೇಲೆ ಗೊತ್ತಾಗುತ್ತಿರಲಿಲ್ಲ. ಬಿಸಿಲಿಗೆ ಮಂಕಾದರೆ ಮತ್ತೊಮ್ಮೆ ಉಜ್ಜಿದರಾಯಿತು. ಉಜ್ಜಿದಷ್ಟೂ ಚೆಂದ ಎಂಬ ನಂಬಿಕೆ ಗಿರಾಕಿಗಳಲ್ಲಿ ಬೇರು ಬಿಟ್ಟದ್ದು ಹೀಗೆ. ಇವತ್ತು ಮ್ಯಾಟ್ ಬಣ್ಣವನ್ನು ಕೊಲ್ಲುತ್ತಿರುವುದೂ ಅದೇ ನಂಬಿಕೆ.

ಮೋಟರ್‌ಸೈಕಲ್ ಹೊಳೆಯಲೇಬಾರದು ಎಂಬ ಬೇಡಿಕೆ ಬಂದದ್ದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಓಡಿದ ಬಿಎಸ್‌ಎ ಎಂ20, ನಾರ್ಟನ್ 16ಎಚ್, ಅಮೆರಿಕನ್ನರ ಹಾರ್ಲೆ ಡಬ್ಲ್ಯುಎಲ್‌ಎ, ಜರ್ಮನರ ಬಿಎಂಡಬ್ಲ್ಯು ಆರ್75, ಎಲ್ಲಕ್ಕೂ ಮಂಕು ಬಣ್ಣವೇ. ಟ್ಯಾಂಕಿನ ಮೇಲೆ ಬಿಸಿಲು ಮಿಂಚಿದರೆ ವಿಮಾನದಲ್ಲಿದ್ದವನಿಗೆ ಅದೇ ಗುರಿ. ಬ್ರಿಟಿಷರು ಯುದ್ಧದ ನಡುವೆ ಹಸಿರು ಬಿಟ್ಟು ಕಂದು ಬಳಿಯತೊಡಗಿದ್ದಕ್ಕೆ ಕಾರಣ, ಹಸಿರಿಗೆ ಬೇಕಾದ ಕ್ರೋಮಿಯಂ ಆಕ್ಸೈಡಿನ ಕೊರತೆ. ಬಣ್ಣದ ಚರಿತ್ರೆಯಲ್ಲಿ ರುಚಿ ಅಭಿರುಚಿಗಿಂತ ಗೋದಾಮಿನಲ್ಲಿ ಏನಿದೆ ಎಂಬುದೇ ಎಷ್ಟೋ ಸಲ ತೀರ್ಮಾನ ಮಾಡಿದೆ.

ಆ ಕಾಲದ ಮಂಕು ಬಣ್ಣದ ಗುಟ್ಟು ಸರಳ: ಬಣ್ಣದ ಪುಡಿ ಹೆಚ್ಚು, ಅದನ್ನು ಹಿಡಿದಿಡುವ ಎಣ್ಣೆ ಅಥವಾ ರಾಳ ಕಡಿಮೆ. ಪುಡಿಯ ಕಣಗಳು ಮೇಲಕ್ಕೆ ಚಾಚಿಕೊಂಡಿರುವುದರಿಂದ ಬೆಳಕು ಚದುರುತ್ತದೆ. ಹಿಡಿತ ಕಡಿಮೆಯಾದದ್ದರಿಂದಲೇ ಬಿಸಿಲು ಮಳೆಗೆ ಪುಡಿ ಬಿಟ್ಟುಕೊಂಡು ಬೆರಳಿಗೆ ಸುಣ್ಣದ ಹಾಗೆ ಹತ್ತುತ್ತದೆ. ಸೇನೆಗೆ ಅದರ ಚಿಂತೆ ಇರಲಿಲ್ಲ. ಬ್ರಷ್ ಹಿಡಿದು ಮೇಲೆ ಇನ್ನೊಂದು ಕೈ ಬಳಿದರಾಯಿತು. ಮಂಕು ಬಣ್ಣ ಬಾಳಿಕೆ ಬರುವುದಿಲ್ಲ ಎಂಬ ಮಾತು ಹುಟ್ಟಿದ್ದು ಅಲ್ಲಿಂದ, ಮತ್ತು ಆ ಬಣ್ಣದ ಮಟ್ಟಿಗೆ ಅದು ನಿಜ.

ಆ ಹಸಿರಿನ ಮೋಹ ಮಾತ್ರ ನಮ್ಮಲ್ಲಿ ಇಳಿದಿಲ್ಲ. ಬುಲೆಟ್ ತಂದು ನಿಲ್ಲಿಸಿ, "ಅಣ್ಣಾ, ಮಿಲಿಟರಿ ಕಲರ್ ಹೊಡೆದುಕೊಡಿ" ಎನ್ನುವ ಹುಡುಗರು ಬರುತ್ತಲೇ ಇರುತ್ತಾರೆ. ಆಗಲ್ಲಪ್ಪಾ ಎನ್ನುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. 2018ರಲ್ಲಿ ರಾಯಲ್ ಎನ್‌ಫೀಲ್ಡ್ ತಂದ ಪೆಗಾಸಸ್ ಬೈಕಿಗೂ ಇದೇ ಕಥೆ. ಯುದ್ಧದಲ್ಲಿ ಪ್ಯಾರಾಚೂಟು ಕಟ್ಟಿ ವಿಮಾನದಿಂದ ಇಳಿಸುತ್ತಿದ್ದ ಪುಟ್ಟ ಫ್ಲೈಯಿಂಗ್ ಫ್ಲೀ ಗಾಡಿಯ ನೆನಪಿಗೆಂದು ಮಾಡಿದ ಬೈಕು ಅದು. ಹೊರದೇಶಗಳಲ್ಲಿ ಆಲಿವ್ ಹಸಿರಿನಲ್ಲೂ ಸಿಕ್ಕಿತು. ಇಲ್ಲಿ ಬರೀ ಕಂದು.

ಶೋರೂಮಿನ ಮ್ಯಾಟ್ ಬೇರೆಯೇ ವಸ್ತು. ಎನ್‌ಫೀಲ್ಡಿನ ಮರಳು ಬಣ್ಣದ ಡೆಸರ್ಟ್ ಸ್ಟಾರ್ಮ್, 2016ರಲ್ಲಿ ಬಂದ ಹಿಮಾಲಯನ್, ಆಮೇಲೆ ಜಾವಾ ಹೆಸರು ಮರಳಿ ಬಂದಾಗ ಅದರ ಜೊತೆಗೇ ತೋರಿಸಿದ ಕಪ್ಪು ಪೆರಾಕ್. ಮೆರೂನ್ ಹೊಳಪಿನ ಜಾವಾ ಓಡಿಸಿದ ಊರಿನವನಾದ ನನಗೆ ಮ್ಯಾಟ್ ಕಪ್ಪಿನ ಜಾವಾ ನೋಡಿ ಎದೆಯಲ್ಲಿ ಏನೋ ಕಸಿವಿಸಿಯಾಯಿತು. ಆದರೂ ಬಗ್ಗಿ ಹತ್ತಿರದಿಂದ ನೋಡಿದಾಗ ಮೆಚ್ಚದೆ ಇರಲಾಗಲಿಲ್ಲ. ಇದರಲ್ಲಿ ಬಣ್ಣದ ಪದರದ ಮೇಲೆ ಲ್ಯಾಕರ್ ಇರುತ್ತದೆ, ಹೊಳೆಯುವ ಗಾಡಿಗಳಿಗೆ ಇರುವಂಥದ್ದೇ ಗಟ್ಟಿ ಲ್ಯಾಕರ್. ಅದರೊಳಗೆ ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಸಿಲಿಕಾ ಕಣಗಳನ್ನು ಬೆರೆಸಿರುತ್ತಾರೆ. ಲ್ಯಾಕರ್ ಒಣಗುತ್ತ ಕುಗ್ಗಿದಾಗ ಕಣಗಳಿದ್ದ ಕಡೆ ಮೈ ಉಬ್ಬಿ ನಿಲ್ಲುತ್ತದೆ, ನಡುವೆ ತಗ್ಗು. ಮ್ಯಾಟ್ ಎಂದರೆ ಈ ಉಬ್ಬುತಗ್ಗು. ಬಿಸಿಲಿಗೆ ಇದು ಹೊಳಪಿನ ಲ್ಯಾಕರಿಗಿಂತ ಬೇಗ ಸೋಲಬೇಕಾದ ಕಾರಣವಿಲ್ಲ. ಇದು ಸೋಲುವುದು ತಿಕ್ಕಾಟಕ್ಕೆ.

ಲಡಾಖಿಗೆ ಹೋಗಿಬಂದ ಒಂದು ಹಿಮಾಲಯನ್ ನನ್ನ ಶೆಡ್ಡಿಗೆ ಬಂದಿತ್ತು. ಟ್ಯಾಂಕಿನ ಎರಡೂ ಪಕ್ಕ ಮಂಡಿ ಒತ್ತುವ ಜಾಗದಲ್ಲಿ ಅಂಗೈಯಗಲದ ಮಿನುಗು. ಮೇಲ್ಗಡೆ ಟ್ಯಾಂಕ್ ಬ್ಯಾಗ್ ಕೂತಿದ್ದಲ್ಲಿ ಅದರ ನಾಲ್ಕು ಮೂಲೆಗಳೂ ಅಚ್ಚೊತ್ತಿದ ಹಾಗೆ ಕಾಣುತ್ತಿದ್ದವು. ಬಣ್ಣ ಎಲ್ಲೂ ಎದ್ದಿರಲಿಲ್ಲ, ತುಕ್ಕಿಲ್ಲ, ಬಿರುಕಿಲ್ಲ. ಬ್ಯಾಗಿನ ಅಡಿ ಸೇರಿದ ದೂಳು, ರೈಡಿಂಗ್ ಪ್ಯಾಂಟಿನ ದಪ್ಪ ಬಟ್ಟೆ ಸೇರಿ ದಿನವಿಡೀ ಆ ಉಬ್ಬುಗಳ ತಲೆ ಸವೆಸಿದ್ದವು. ಸವೆದು ಸಪಾಟಾದ ಜಾಗ ಹೊಳೆಯಲೇಬೇಕು. ಯಾವುದೋ ಸರ್ವಿಸ್ ಸೆಂಟರಿನಲ್ಲಿ ತೊಳೆದವರು ಬೇರೆ, ಮಂಕು ಹೋಗಲಿ ಎಂದು ಪಾಲಿಶ್ ತಿಕ್ಕಿಬಿಟ್ಟಿದ್ದರು. ಅದು ತಗ್ಗುಗಳಲ್ಲಿ ತುಂಬಿಕೊಂಡು ಇಡೀ ಟ್ಯಾಂಕಿನ ಮೇಲೆ ಎಣ್ಣೆ ಕೈ ಆಡಿಸಿದಂಥ ಪಟ್ಟೆ.

ಆದ್ದರಿಂದ ದೂರ ಹೋಗುವವರಿಗೆ ನನ್ನ ಬೇಡಿಕೆ ಇಷ್ಟು. ಗಾಡಿ ಹೊಸದಿರುವಾಗಲೇ, ಬ್ಯಾಗ್ ಕಟ್ಟುವ ಮುಂಚೆಯೇ, ಮಂಡಿ ತಾಗುವ ಕಡೆ ಪ್ಯಾಡ್ ಅಂಟಿಸಿ, ಬ್ಯಾಗಿನ ಕೆಳಗೆ ಮ್ಯಾಟ್ ಫಿಲ್ಮ್ ಹಾಕಿಸಿ. ವ್ಯಾಕ್ಸು, ಪಾಲಿಶು, ಡ್ಯಾಶ್‌ಬೋರ್ಡಿಗೆ ಹಚ್ಚುವ ಶೈನರು ಹತ್ತಿರ ತರಬೇಡಿ. ಪೆಟ್ರೋಲು ಚೆಲ್ಲಿದರೆ ಬಂಕಿನಲ್ಲೇ ಒರೆಸಿ. ಹಕ್ಕಿ ಹಿಕ್ಕೆ, ಹೆದ್ದಾರಿಯಲ್ಲಿ ಅಪ್ಪಳಿಸಿದ ಹುಳಗಳನ್ನು ಒದ್ದೆ ಬಟ್ಟೆ ಹೊದಿಸಿ ನೆನೆಸಿ ತೆಗೆಯಿರಿ, ಕೆರೆಯಬೇಡಿ. ನಮ್ಮ ಬೋರ್‌ವೆಲ್ ನೀರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಿಸಿಲಲ್ಲಿ ತೊಳೆದು ಹಾಗೇ ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಹೊಳೆಯುವ ಟ್ಯಾಂಕಿನ ಮೇಲಾದರೆ ಕಾಂಪೌಂಡಿಗೆ ಹೋಗುತ್ತಿತ್ತು, ಇಲ್ಲಿ ಆ ದಾರಿಯೇ ಇಲ್ಲ. ನೆರಳಲ್ಲಿ ತೊಳೆದು, ನೀರು ಆರುವ ಮುಂಚೆ ಮೈಕ್ರೋಫೈಬರ್ ಬಟ್ಟೆಯನ್ನು ಒತ್ತಿ ಒತ್ತಿ ತೆಗೆಯಿರಿ.

ಇಷ್ಟಾಗಿಯೂ ಕಲೆ ಬಿದ್ದರೆ ರಿಪೇರಿ ಎನ್‌ಸಿ ಕಾಲದಷ್ಟು ಹಗುರವಲ್ಲ. ಹೊಸ ಲ್ಯಾಕರ್ ಹಳೆಯದನ್ನು ಕರಗಿಸುವುದಿಲ್ಲ, ಅಂಚನ್ನು ಉಜ್ಜಿ ಮರೆಸಲು ಹೋದರೆ ಅಲ್ಲೇ ಹೊಳಪು. ಆದ್ದರಿಂದ ಒಂದು ಗೀರಿಗೂ ಪೂರ್ತಿ ಟ್ಯಾಂಕೇ ಹೊಡೆಯಬೇಕು. ಡಬ್ಬಿಯ ತಳದಲ್ಲಿ ಕೂತ ಸಿಲಿಕಾವನ್ನು ಚೆನ್ನಾಗಿ ಕಲಕಬೇಕು. ಕೈ ಭಾರವಾಗಿ ಲ್ಯಾಕರ್ ದಪ್ಪ ಬಿದ್ದರೆ ಮಿನುಗು ಏರುತ್ತದೆ, ಗನ್ ದೂರ ಹಿಡಿದು ಒಣಗಲು ಹೊಡೆದರೆ ಬೂದಿ ಬಡಿದ ಹಾಗಾಗುತ್ತದೆ. ಹೊಡೆದ ಮೇಲೆ ತಿದ್ದುವ ಅವಕಾಶವಿಲ್ಲ, ಅದಕ್ಕೇ ಮೊದಲು ಗುಜರಿ ಟ್ಯಾಂಕಿನ ಮೇಲೆ ಹೊಡೆದು, ಒಣಗಿಸಿ, ಗಿರಾಕಿಯ ಸೈಡ್ ಪ್ಯಾನೆಲ್ ಪಕ್ಕಕ್ಕಿಟ್ಟು ಬಾಗಿಲ ಬೆಳಕಿನಲ್ಲಿ ನೋಡುತ್ತೇನೆ. ಟ್ಯಾಂಕಿನ ಸ್ಟಿಕರು ಲ್ಯಾಕರಿನ ಅಡಿಯಲ್ಲಿದ್ದರೆ ಅದೂ ಹೊಸದೇ ಆಗಬೇಕು. ಆ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿದವರಲ್ಲಿ ಕೆಲವರು ಪ್ಯಾಡ್ ಅಂಟಿಸಿ ಆ ಮಿನುಗಿನ ಜೊತೆಗೇ ಮುಂದಿನ ಟೂರಿಗೆ ಹೊರಡುತ್ತಾರೆ, ಹಾಗೆ ಮಾಡಿ ಎಂದು ನಾನೂ ಹೇಳುತ್ತೇನೆ.