ಬೆನ್ನಿನೊಳಗಿನ ಹಗೇವು

ಗೋವಾದ ಮುರ್ಮುಗಾಂವ್ ಬಂದರಿನಿಂದ ಹೊರಟ ರೈಲು ಕ್ಯಾಸಲ್‌ರಾಕ್ ಘಟ್ಟ ಹತ್ತಿ ಹುಬ್ಬಳ್ಳಿಯ ಬಯಲು ಸೇರುತ್ತದೆ. 1888ರಲ್ಲಿ ಈ ಹಳಿ ಕೂಡಿದ ಮೇಲೆ ಬಯಲುಸೀಮೆಯ ಹತ್ತಿ ಕಡಲಿಗೆ ಬಂತು. ಬರ ಬಿದ್ದಾಗ ಮನುಷ್ಯರೂ ಬಂದರು. 1972ರ ಬರದಲ್ಲಿ ಹಿಂಡು ಮಾರಿ ರೋಣದ ಕಡೆಯಿಂದ ಬಂದವರಲ್ಲಿ ನನ್ನಪ್ಪನೂ ಒಬ್ಬ.

ಇಲ್ಲಿ ಅವನು ಹೊತ್ತದ್ದು ಅದಿರು. ಕೈಗೆ ಗೊತ್ತಿದ್ದುದು ಕುರಿ. ಹಬ್ಬಕ್ಕೆ ಕುರಿ ಕೊಳ್ಳುವಾಗ ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಬೆರಳೂರುತ್ತಿದ್ದ. ಎಲುಬಿನ ಮೊನೆ ಚುಚ್ಚಿದರೆ ಬೇಡ. ಬೆರಳು ಮೆತ್ತಗೆ ಜಾರಿದರೆ, "ಇದರ ಹಗೇವು ತುಂಬೈತಿ" ಎನ್ನುತ್ತಿದ್ದ. ಹಗೇವು ಅಂದರೆ ನಮ್ಮೂರಲ್ಲಿ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ.

ಆ ಮಾತು ಎಷ್ಟು ಖರೆ ಎಂದು ಓದಿದ ಮೇಲೆ ತಿಳಿಯಿತು. ಮೇದ ಹುಲ್ಲನ್ನು ಕುರಿಯ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಹುದುಗಿಸಿ ಅಸಿಟಿಕ್ ಆಮ್ಲ ಮಾಡುತ್ತವೆ. ಮೈ ನೆಣ ಕಟ್ಟುವುದು ಹೆಚ್ಚಾಗಿ ಅದರಿಂದಲೇ. ಹುಲ್ಲಿನ ತೆಳು ಎಣ್ಣೆಯನ್ನೂ ಅವು ಗಟ್ಟಿಯಾಗಿಸುತ್ತವೆ. ಅದಕ್ಕೇ ಕುರಿಸಾರು ಆರಿದರೆ ಮೇಲೆ ನೆಣ ಹೆಪ್ಪುಗಟ್ಟುತ್ತದೆ. ಆ ಗಟ್ಟಿತನಕ್ಕೆ ಕಾರಣವಾದ ಸ್ಟಿಯರಿಕ್ ಆಮ್ಲವನ್ನು ಫ್ರಾನ್ಸಿನ ಶೆವ್ರೂಲ್ 1823ರ ತನ್ನ ಗ್ರಂಥದಲ್ಲಿ ವಿವರಿಸಿದ್ದ.

ನೆಣದ ಒಂದೊಂದು ಕೋಶದಲ್ಲೂ ಒಂದೇ ದೊಡ್ಡ ಕೊಬ್ಬಿನ ಹನಿ. ಬೇಸಿಗೆಯಲ್ಲಿ ಮೇವು ಸಾಲದಾದಾಗ ಹನಿ ಒಡೆದು, ಕೊಬ್ಬಿನಾಮ್ಲಗಳು ರಕ್ತದ ಜೊತೆ ಹರಿದು ಸ್ನಾಯುಗಳಿಗೆ ಉರುವಲಾಗುತ್ತವೆ. ಕೋಶ ಕುಗ್ಗುತ್ತದೆ, ಸಾಯುವುದು ಕಡಿಮೆ. ಕಾಳು ತೀರಿದರೂ ಹಗೇವು ಉಳಿಯುತ್ತದೆ. ಮಳೆಯಾಗಿ ಹುಲ್ಲು ಚಿಗುರಿದರೆ ಮತ್ತೆ ತುಂಬುತ್ತದೆ.

ಗೋವಾ ಬಿಡುಗಡೆಯಾದ 1961ರಲ್ಲೇ, ದೂರದ ಟಾಸ್ಮೇನಿಯಾದಲ್ಲಿ ಜೆಫ್ರೀಸ್ ಎಂಬವರು ಕುರಿಯ ಸೊಂಟ ಮುಟ್ಟಿ 0ಯಿಂದ 5ರವರೆಗೆ ಅಂಕ ಕೊಡುವ ಕ್ರಮವನ್ನು ಪ್ರಕಟಿಸಿದರು. ಪಶುವೈದ್ಯರು ಇಂದಿಗೂ ಅದನ್ನು ಕಲಿಯುತ್ತಾರೆ. ನಮ್ಮ ಕುರುಬರು ಅಂಕವಿಲ್ಲದೆಯೇ ಅದನ್ನು ಬೆರಳಿಂದ ಬೆರಳಿಗೆ ಕಲಿಸಿದ್ದರು. ಈ ಬಂದರಿನ ಇತಿಹಾಸವನ್ನು ಅದಿರಿನ ಟನ್ನುಗಳಲ್ಲಿ ಬರೆಯುವವರು, ಅದನ್ನು ಹೊತ್ತ ಕೈಗಳಲ್ಲಿದ್ದ ಈ ವಿದ್ಯೆಯನ್ನೂ ಬರೆಯಬೇಕು.

ಕೊನೆಗಾಲದಲ್ಲಿ ಅಪ್ಪನ ಕಣ್ಣು ಮಂಜಾಗಿತ್ತು. ಊರ ಕಡೆಯಿಂದ ಲಾರಿಯಲ್ಲಿ ಬಂದ ಕುರಿಯೊಂದರ ಸೊಂಟದ ಮೇಲೆ ಕೈಯಿಟ್ಟು ತುಸು ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಈ ಸಲ ನಮ್ಮ ಕಡೆ ಮಳಿ ಆಗೈತಿ."