ನೋವು ಹೋದ ಮೇಲೂ ಉಳಿಯುವ ಗೆರೆ

2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದಾಗ, ಜನ ಗಾಬರಿಬಿದ್ದು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 4 ಹೃದಯಕ್ಕೆ ಸಂಬಂಧವೇ ಇಲ್ಲದವು. ಅಸಹಜ ಏರಿಕೆಯೇನೂ ಇಲ್ಲ ಎಂದಿತು ವರದಿ. ಗಾಬರಿ ಇಳಿಯಿತು. ಆದರೆ ಹಿರೀಸಾವೆ ಕಡೆಯ ಹಳ್ಳಿಗಳಲ್ಲಿ 'ಇಸಿಜಿ ನಾರ್ಮಲ್ ಬಂತು, ಏನೂ ಇಲ್ವಂತೆ' ಎಂಬ ಸಮಾಧಾನ ಮಾತ್ರ ಉಳಿದುಕೊಂಡಿದೆ. ಆ ಕಾಗದ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದಕ್ಕೆ ನೂರು ವರ್ಷ ದಾಟಿದ ಚರಿತ್ರೆಯಿದೆ.

ನೆದರ್‌ಲ್ಯಾಂಡ್ಸ್‌ನ ಐಂಥೋವನ್ ಕಟ್ಟಿದ ಮೊದಲ ಯಂತ್ರದ ತೂಕ ಸುಮಾರು 270 ಕಿಲೋ. ರೋಗಿ ಎರಡೂ ಕೈ, ಒಂದು ಕಾಲನ್ನು ಉಪ್ಪುನೀರಿನಲ್ಲಿ ಅದ್ದಿ ಕೂರಬೇಕಿತ್ತು. ಯಂತ್ರವನ್ನು ಆಸ್ಪತ್ರೆಗೆ ಹೊರುವಂತಿರಲಿಲ್ಲ. ಹಾಗಾಗಿ 1905ರಲ್ಲಿ ಆತ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯಲ್ಲೇ ರೋಗಿಯ ಎದೆಬಡಿತ ತರಿಸಿಕೊಂಡ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್‌ನಲ್ಲಿ ಗೆರೆ ಓದಿ ಹೇಳುತ್ತಿರುವುದೂ ಅದೇ ಕೆಲಸವೇ.

1920ರಲ್ಲಿ ಅಮೆರಿಕದ ಪಾರ್ಡೀ, ರಕ್ತನಾಳ ಕಟ್ಟಿಕೊಂಡಾಗ ಗೆರೆಯ ಒಂದು ಭಾಗ ಮೇಲೆದ್ದು ನಿಲ್ಲುವುದನ್ನು ತೋರಿಸಿದ. ಅದು ಆಘಾತ ನಡೆಯುತ್ತಿರುವಾಗಿನ ಗುರುತು. ಮುಂಚೆಯೇ ಸಿಗುವ ಎಚ್ಚರಿಕೆ ಗೊತ್ತಾಗಲು 1982ರವರೆಗೆ ಕಾಯಬೇಕಾಯಿತು. ವೆಲೆನ್ಸ್ ತಂಡ ನೋಡಿದ ರೋಗಿಗಳಿಗೆ ಎದೆನೋವು ಬಂದು ಹೋಗಿತ್ತು, ಹಾಯಾಗಿದ್ದರು. ಗೆರೆಯಲ್ಲಿ ಮಾತ್ರ ಎದೆಯ ಮುಂಭಾಗದ 'ಟಿ' ಅಲೆ ತಲೆಕೆಳಗಾಗಿತ್ತು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಬಹುತೇಕ ಮುಚ್ಚಿಹೋಗಿದೆ ಎಂಬುದು ಅದರ ಅರ್ಥ. ಆಪರೇಷನ್ ಆಗದೆ ಉಳಿದ 16 ಮಂದಿಯಲ್ಲಿ 12 ಮಂದಿಗೆ ಕೆಲವೇ ವಾರಗಳಲ್ಲಿ ದೊಡ್ಡ ಆಘಾತವಾಯಿತು. ಇಂಥವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸುವುದೂ ಅಪಾಯ. ನೇರ ಆಂಜಿಯೋಗ್ರಾಮ್‌ಗೆ ಕಳಿಸಬೇಕು.

ನಮ್ಮಲ್ಲಿ ತಪ್ಪುವುದು ಇಲ್ಲೇ ಅನ್ನಿಸುತ್ತದೆ. ನೋವು ನಿಂತರೆ 'ಗ್ಯಾಸ್ಟ್ರಿಕ್' ಅಂದುಕೊಂಡು ಮಾತ್ರೆ ನುಂಗಿ ತೋಟಕ್ಕೆ ಹೋಗುತ್ತೇವೆ. ನಾಳ ಅರ್ಧ ಕಟ್ಟಿದ್ದರೂ ಸುಮ್ಮನೆ ಮಲಗಿದಾಗ ತೆಗೆದ ಇಸಿಜಿ ಸರಿಯಾಗಿಯೇ ಕಾಣಬಹುದು. ಎದೆನೋವು ಬಂದವರಿಗೆ ಒಂದೇ ಇಸಿಜಿ ಸಾಲದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು, ರಕ್ತದ ಟ್ರೋಪೋನಿನ್ ನೋಡಬೇಕು.

ಜಯದೇವವನ್ನು ವರ್ಷಗಟ್ಟಲೆ ನಡೆಸಿದ ಡಾ. ಸಿ.ಎನ್. ಮಂಜುನಾಥ್ ಇದೇ ಚನ್ನರಾಯಪಟ್ಟಣ ತಾಲ್ಲೂಕಿನವರು. ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ. ಹಳೆಯ ಇಸಿಜಿ ಇದ್ದರೆ ಅವರಿಗೆ ಹೋಲಿಸಿ ನೋಡಲು ಸಲೀಸು. ಆ ಕಾಗದ ಬಿಸಿಲಿಗೆ, ಬಿಸಿಗೆ ಮಾಸಿಹೋಗುತ್ತದೆ; ತೆಗೆಸಿದ ದಿನವೇ ಮೊಬೈಲ್‌ನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ.